ನಮ್ಮ ಯಜಮಾನರೂ ಕ್ಲೌಡೂ ಒಂದು ಬ್ರಾಕೆಟ್ಟೂ

ಆಫೀಸಿಗೆ ಹೊಸದೇನನ್ನಾದರೂ ತಂದೇ ತೀರುತ್ತೇನೆ ಎಂದು ಹಟ ಹಿಡಿದವರ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಸ್ವಲ್ಪ ಜಾಸ್ತಿಯೇ ಹಟದವಳು, ಹಾಗಾಗಿ ನನ್ನ ಪಾಲಿಗೂ ಜಾಸ್ತಿಯೇ ಬಂದವು.

ಕ್ಯಾಲಿಫೋರ್ನಿಯಾದ ನೆವಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರು. ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ಯಾಟರಿ ಅಲುಗದಂತೆ ಹಿಡಿದಿಡುವ ಲೋಹದ ಬ್ರಾಕೆಟ್ಟುಗಳನ್ನು ಮಾಡುತ್ತೇವೆ. ಮಾಡುವ ಮೊದಲು ಅದನ್ನು ಕಂಪ್ಯೂಟರಿನೊಳಗೇ ಕುಲುಕಿ, ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಮೇಜಿನ ಕೆಳಗಿದ್ದ ಹಳೇ ಕಂಪ್ಯೂಟರು ಒಂದು ಸಿಮ್ಯುಲೇಶನ್ನಿಗೆ ಮೂರು ದಿನ ತಿನ್ನುತ್ತಿತ್ತು. ಕ್ಲೌಡಿನಲ್ಲಿ, ಅಂದರೆ ದೂರದಲ್ಲೆಲ್ಲೋ ಇರುವ ನೂರಾರು ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನಲ್ಲೇ ಬಾಡಿಗೆಗೆ ಹಿಡಿದರೆ, ಮೂರೇ ಗಂಟೆ ಸಾಕು. ನಮ್ಮ ಕಂಪನಿಯ ಯಜಮಾನರು ಮೈಸೂರಿನವರು, ಮೂವತ್ತು ವರ್ಷದಿಂದ ಬ್ರಾಕೆಟ್ಟಿನ ಚಿತ್ರ ಬರೆಯುತ್ತ ಬಂದವರು. ಅವರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ.

"ಈ ಒಂದು ಬ್ರಾಕೆಟ್ಟು ಮುಗಿಯೋವರೆಗೂ ನೋಡ್ತೀನಮ್ಮ. ಸರಿಹೋಗ್ಲಿಲ್ಲ ಅಂದ್ರೆ ಹಳೇ ಕಂಪ್ಯೂಟರೇ ಗತಿ," ಎಂದರು. ಆಗಲಿ ಸರ್ ಎಂದೆ. ಹಳೇದಕ್ಕೆ ವಾಪಸು ಹೋಗುವ ಮಾತೇ ಇಲ್ಲ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಸೀಟ್ ಬೆಲ್ಟು

ಹಳೇ ಕಂಪ್ಯೂಟರಿನ ಕಾಲದಲ್ಲಿ ಸಿಮ್ಯುಲೇಶನ್ ಓಡುವಾಗ ಯಾರೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. "ಮುಟ್ಟಿದರೆ ಜೋಕೆ" ಎಂದು ಯಜಮಾನರೇ ಚೀಟಿ ಅಂಟಿಸಿದ್ದರು. ಕ್ಲೌಡಿನ ಮೊದಲ ಸಿಮ್ಯುಲೇಶನ್ನನ್ನು ಒಂದು ಸಂಜೆ ಅವರ ಲ್ಯಾಪ್‌ಟಾಪಿನಿಂದಲೇ ಶುರು ಮಾಡಿಸಿದೆ. ಅವರ ಮನೆ ಇರುವುದು ಗಿಲ್‌ರಾಯಿನಲ್ಲಿ, ಒಂದು ಗಂಟೆಗೂ ಮೇಲಿನ ದಾರಿ.

"ಮುಚ್ಚಿಟ್ಟು ಹೊರಡಿ ಸರ್, ಲೆಕ್ಕ ನಡೀತಿರೋದು ಇದರಲ್ಲಲ್ಲ, ಅಲ್ಲಿ," ಎಂದೆ. ತಲೆಯಾಡಿಸಿ ಹೊರಟರು.

ಅರ್ಧ ಗಂಟೆಯ ಮೇಲೆ ಕಾರಿನಿಂದಲೇ ಫೋನು. ಲ್ಯಾಪ್‌ಟಾಪನ್ನು ಮುಚ್ಚುವ ಧೈರ್ಯವಾಗದೆ, ತೆರೆದೇ ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಕರೆದುಕೊಂಡು ಹೋಗುತ್ತಿದ್ದರು. ದನಿಯಲ್ಲಿ ಆತಂಕ.

"ಫ್ರೀವೇನಲ್ಲಿ ಸಡನ್ನಾಗಿ ಬ್ರೇಕ್ ಹಾಕ್ಬಿಟ್ಟೆ ಕಣಮ್ಮ. ಈ ಕುಲುಕಾಟಾನೂ ಲೆಕ್ಕದಲ್ಲಿ ಸೇರ್ಕೊಂಡಿರಲ್ಲ ತಾನೆ?"

ನನ್ನ ಸರದಿ

ಅವರನ್ನೇ ಆಡಿಕೊಂಡರೆ ಹೇಗೆ, ನನ್ನದೂ ಒಂದಿದೆ. ಎರಡನೇ ಸಿಮ್ಯುಲೇಶನ್ ಮುಗಿದಾಗ ಓಡಿ ಹೋಗಿ, "ಸರ್, ನೀವು ಬರೆದ ಬ್ರಾಕೆಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ!" ಎಂದು ಬೀಗಿದೆ.

ಅವರು ಕನ್ನಡಕ ಹಾಕಿಕೊಂಡು ಪರದೆಯನ್ನು ನಿಧಾನವಾಗಿ ನೋಡಿದರು. ಮಿಲಿಮೀಟರ್ ಇರಬೇಕಾದ ಕಡೆ ನಾನು ಮೀಟರ್ ಹಾಕಿದ್ದೆ. ಗೇಣುದ್ದದ ಬ್ರಾಕೆಟ್ಟು ಇನ್ನೂರು ಮೀಟರಾಗಿತ್ತು. ನೂರಾರು ಕಂಪ್ಯೂಟರುಗಳು ಒಂದು ಮಾತೂ ಕೇಳದೆ ಅದಕ್ಕೆ ಲೆಕ್ಕ ಹಾಕಿಕೊಟ್ಟಿದ್ದವು.

"ಇದು ಯಾಕಮ್ಮ ಅಲುಗುತ್ತೆ?" ಎಂದರು ಯಜಮಾನರು. "ಓಕ್ಲ್ಯಾಂಡ್ ಪೋರ್ಟಿನ ಕಂಟೇನರೆಲ್ಲಾ ತಂದು ಇದರ ಮೇಲೆ ಜೋಡಿಸ್ಬೋದು."

ನಾಚಿಕೆಯಿಂದ ಸತ್ತು ಹೋದೆ. ಆದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಸರಿಮಾಡಿ ಮತ್ತೆ ಓಡಿಸಿದೆ.

ಪೂಜೆ ಯಾವುದಕ್ಕೆ?

ಅಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷ ಯಜಮಾನರು ಹಳೇ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು ಹೂವು ಏರಿಸುತ್ತಿದ್ದರು. ಈ ಸಲ ತಟ್ಟೆ ಹಿಡಿದು ನಿಂತು ಕೇಳಿದರು: "ನಿನ್ನ ಕ್ಲೌಡಿನ ಕಂಪ್ಯೂಟರುಗಳು ಎಲ್ಲಿವೆಯಮ್ಮ?"

"ಒರೆಗಾನ್‌ನಲ್ಲಿ ಸರ್."

ಒಂದು ಕ್ಷಣ ಯೋಚಿಸಿ, ಅಲ್ಲಿಗೆ ಹೋಗುವ ದಾರಿ ಇದೇ ತಾನೆ ಎಂದು ವೈಫೈ ಪೆಟ್ಟಿಗೆಗೆ ಹಾರ ಹಾಕಿದರು. ಅದರ ಮುಂದೆ ಧಾರಾಳವಾಗಿ ಸಾಂಬ್ರಾಣಿ ಹಾಕಿದರು. ಹೊಗೆ ಎದ್ದಿತು, ಫೈರ್ ಅಲಾರಂ ಹೊಡೆದುಕೊಂಡಿತು, ಅಕ್ಕಪಕ್ಕದ ಮೂರು ಆಫೀಸಿನವರೂ ನಮ್ಮ ಜೊತೆ ಪಾರ್ಕಿಂಗ್ ಲಾಟಿಗೆ ಬಂದು ನಿಂತರು. ನಾನು ಫೋನಿನಲ್ಲಿ ನೋಡಿದೆ. ಒರೆಗಾನ್‌ನಲ್ಲಿ ಸಿಮ್ಯುಲೇಶನ್ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ನೋಡಿದ್ಯಾ," ಎಂದರು ಯಜಮಾನರು, ತಟ್ಟೆಯನ್ನು ಎದೆಗವಚಿಕೊಂಡು. "ಪೂಜೆ ಮಾಡಿದ್ದಕ್ಕೆ ನಿಲ್ಲಲಿಲ್ಲ."

ಬ್ರಾಕೆಟ್ಟು

ಆ ಸಿಮ್ಯುಲೇಶನ್ ಹೇಳಿದ್ದು ಮಾತ್ರ ಯಾರಿಗೂ ಸಿಹಿಯಾದ ಸುದ್ದಿಯಲ್ಲ: ಯಜಮಾನರು ಕೈಯಾರೆ ಬರೆದ ಬ್ರಾಕೆಟ್ಟು ಎಡಗಡೆ ಬೋಲ್ಟಿನ ತೂತಿನ ಪಕ್ಕದಲ್ಲಿ ಮುರಿಯುತ್ತದೆ.

"ನಾನು ಬರೆದಿದ್ದು ಮುರಿಯಲ್ಲ."

"ಮುರಿಯುತ್ತೆ ಸರ್."

ಎರಡು ದಿನ ಇಷ್ಟೇ ಮಾತು. ನಾನು ಬಗ್ಗಲಿಲ್ಲ. ಕೊನೆಗೆ ಅವರೇ ಹೇಳಿದರು: ನಿಜವಾದ ಬ್ರಾಕೆಟ್ಟನ್ನೇ ಕುಲುಕುವ ಯಂತ್ರಕ್ಕೆ ಕಟ್ಟೋಣ, ನೀನು ಹೇಳಿದ ಕಡೆಯೇ ಮುರಿದರೆ ಕ್ಲೌಡು ಇರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಕೆಂಪು ಮಾರ್ಕರಿನಿಂದ ಆ ಜಾಗಕ್ಕೆ ಸುತ್ತು ಹಾಕಿದೆ. 

ಯಂತ್ರ ಶುರುವಾಗಿ ಒಂದು ಗಂಟೆಯಾಗಿತ್ತು. ಮರುದಿನ ಬರಬೇಕಿದ್ದ ಗಿರಾಕಿ, ಅದೇ ಬ್ರಾಕೆಟ್ಟು ಕೊಳ್ಳಬೇಕೆಂದಿದ್ದ ಅಮೆರಿಕನ್ ಹೆಂಗಸು, ಅವತ್ತೇ ಬಂದುಬಿಟ್ಟರು. ನಮ್ಮ ರಿಸೆಪ್ಶನ್ನಿನವರು ನೇರ ಒಳಗೇ ಕರೆತಂದರು. ಯಂತ್ರದ ಮೇಲೆ ಕಣ್ಣು ನೆಟ್ಟಿದ್ದ ನಮ್ಮಿಬ್ಬರಿಗೂ ಅವರು ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ.

ಟಣ್ ಎಂದಿತು. ಬಿರುಕು ಕೆಂಪು ಸುತ್ತಿನ ಸರಿಯಾಗಿ ನಡುವೆ.

"ಮುರೀತು! ಮುರೀತು ಸರ್!" ಎಂದು ನಾನು ಎಗರಾಡಿದೆ. ಚಪ್ಪಾಳೆ ಬೇರೆ. ಯಜಮಾನರಂತೂ ತಮ್ಮದೇ ಬ್ರಾಕೆಟ್ಟು ಎಂಬುದನ್ನೂ ಮರೆತು, "ಗೆದ್ದೆ ಕಣಮ್ಮ! ಇನ್ಮೇಲೆ ಕ್ಲೌಡೇ!" ಎಂದು ನನ್ನ ಕೈ ಹಿಡಿದು ಕುಲುಕಿದರು. ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಹಿಂತಿರುಗಿ ನೋಡಿದೆವು. ಆಕೆ ಬಾಯಿ ತೆರೆದುಕೊಂಡು ನಿಂತಿದ್ದರು.

"ಈ ಮುರಿದದ್ದು ಯಾರ ಬ್ರಾಕೆಟ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ಮದೇ!" ಎಂದೆ, ಗೆದ್ದ ಖುಷಿಯಲ್ಲೇ. "ನಿಮಗೆ ಕೊಡಬೇಕು ಅಂತಿದ್ದದ್ದು ಇದೇ!"

ಯಜಮಾನರು ಕಣ್ಣು ಮುಚ್ಚಿಕೊಂಡರು. ಮೂವತ್ತು ವರ್ಷದ ಅನುಭವ ಎಲ್ಲಿತ್ತೋ, ಒಂದೇ ಉಸಿರಿನಲ್ಲಿ ಎದೆ ಸೆಟೆಸಿ, ಕೆಂಪು ಸುತ್ತನ್ನು ತೋರಿಸಿ ಹೇಳಿದರು:

"ಬೇರೆಯವರ ಬ್ರಾಕೆಟ್ಟು ನಿಮ್ಮ ಗಾಡಿಗೆ ಹೋದ ಮೇಲೆ ಹೇಳದೆ ಕೇಳದೆ ಮುರಿಯುತ್ತೆ, ಮೇಡಂ. ನಮ್ಮದು ಮಾತ್ರ ಮುಂಚೆಯೇ ಹೇಳಿ, ಇಲ್ಲೇ ಮುರಿಯುತ್ತೆ!"