ಪ್ರಸ್ಥಾನಕ್ಕೆ ಹೋದ ಚೂಡಿದಾರ್

ಡಿಸೆಂಬರ್ ರಜೆಗೆ ಥೀಮ್ ಪಾರ್ಕಿಗೆ ಹೋಗೋಣ ಅನ್ನೋ ಐಡಿಯಾ ಯಾರ ಮನೇಲಿ ಹುಟ್ಟಿದ್ರೂ, ಅದು ತಮಗೊಬ್ಬರಿಗೇ ಹೊಳೆದಿರೋದು ಅಂತ ಆ ಮನೆಯೋರು ಅಂದ್ಕೋತಾರೆ. ನಾವೂ ಅಂದ್ಕೊಂಡ್ವಿ. ಅಲ್ಲಿ ಹೋಗಿ ನೋಡಿದ್ರೆ ಇಡೀ ಬಸವನಗುಡಿ ನಮಗಿಂತ ಮುಂಚೆ ಬಂದು ಕ್ಯೂನಲ್ಲಿ ನಿಂತಿತ್ತು. ಗಾಂಧಿ ಬಜಾರಲ್ಲಿ ನಮಗೆ ಹೂವು ಕಟ್ಟಿಕೊಡೋರು, ನಮ್ಮ ಡೆಂಟಿಸ್ಟು, ಅವರ ಹತ್ರ ಹಲ್ಲು ಕೀಳಿಸಿಕೊಂಡೋರು, ಎಲ್ಲಾ. ನಮ್ಮ ಮ್ಯಾಥ್ಸ್ ಟ್ಯೂಷನ್ ಸರ್ ಬರ್ಮುಡಾ ಹಾಕ್ಕೊಂಡು, ಕುತ್ತಿಗೆಗೆ ಬಾತುಕೋಳಿ ಆಕಾರದ ಟ್ಯೂಬ್ ಸಿಗಿಸ್ಕೊಂಡು ನಿಂತಿದ್ರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ, ಇಬ್ಬರೂ ನೋಡಲಿಲ್ಲ ಅಂತ ಅಂದ್ಕೊಂಡ್ವಿ. ಆಮೇಲಿಂದ ಅವರು ಬೋರ್ಡ್ ಮೇಲೆ ವೃತ್ತ ಬರೆದಾಗೆಲ್ಲ ನನಗೆ ಅದಕ್ಕೊಂದು ಕೊಕ್ಕು ಕಾಣಿಸತ್ತೆ. ಇದನ್ನೆಲ್ಲ ಕ್ಲಾಸಲ್ಲಿ ಹೇಳಿ ಚೆನ್ನಾಗಿ ನಗಿಸಿದೀನಿ. ಆದ್ರೆ ಆ ದಿನದ್ದು ನಿಜವಾದ ಕಥೆ ಬಾತುಕೋಳಿದಲ್ಲ, ನಮ್ಮಜ್ಜಿದು. ಅದನ್ನ ಹೇಳೋಕೆ ಹೊರಟ್ರೆ ನಗು ಅರ್ಧಕ್ಕೇ ನಿಂತುಹೋಗತ್ತೆ.

ನಮ್ಮಜ್ಜಿ ಅಂದ್ರೆ ಅಪ್ಪನ ಅಮ್ಮ. ನಮ್ಮ ಮನೆ ಟೂರುಗಳಲ್ಲಿ ಅಜ್ಜಿಗೆ ಒಂದು ಪರ್ಮನೆಂಟ್ ಪೋಸ್ಟ್ ಇದೆ: ಬ್ಯಾಗ್ ಕಾಯೋದು. ಮೃಗಾಲಯಕ್ಕೆ ಹೋದ್ರೂ ಅಷ್ಟೇ, ಬೀಚಿಗೆ ಹೋದ್ರೂ ಅಷ್ಟೇ. ನಾವೆಲ್ಲ ಚಪ್ಪಲಿ, ಬ್ಯಾಗು, ನೀರಿನ ಬಾಟ್ಲು, ಅಪ್ಪನ ಕನ್ನಡಕ, ಎಲ್ಲಾ ಅಜ್ಜಿ ಸುತ್ತ ಗುಡ್ಡೆ ಹಾಕಿ ಓಡಿಹೋಗ್ತೀವಿ. ಅಜ್ಜಿ ಆ ಗುಡ್ಡೆ ಮಧ್ಯ ಬೆಂಚಿನ ಮೇಲೆ ಕೂತು, ಬ್ಯಾಂಕ್ ಲಾಕರ್ ಮುಂದೆ ಬಂದೂಕು ಹಿಡಿದು ಕೂತಿರೋರ ಥರ ಹೋಗೋ ಬರೋರನ್ನೆಲ್ಲ ಗುರಾಯಿಸ್ತಿರ್ತಾಳೆ. ಒಂದ್ಸಲ ಅಪ್ಪಾನೇ ಕನ್ನಡಕ ಇಲ್ಲದೆ, ಒದ್ದೆ ತಲೇಲಿ ಬಂದು ಬ್ಯಾಗಿಗೆ ಕೈ ಹಾಕಿದ್ದಕ್ಕೆ ಛತ್ರಿ ತಗೊಂಡು ಕೈಮೇಲೆ ಬಾರಿಸಿದ್ಳು. ಹೆತ್ತ ಮಗ ಅಂತ ಗೊತ್ತಾದ ಮೇಲೂ, "ಕೇಳಿ ತೆಗೀಬೇಕು" ಅಂದ್ಳು. ಇಂಥ ಅಜ್ಜಿ ಈ ಸಲ ಪಾರ್ಕ್ ಅಂದ ತಕ್ಷಣ ಕೈಲಿದ್ದ ಬತ್ತಿ ಹೊಸೆಯೋದು ನಿಲ್ಲಿಸಿ ಕೇಳಿದ್ಳು: "ಅಲ್ಲಿ ಆ ದೊಡ್ಡ ಚಕ್ರ ಇದ್ಯೇನೋ ಪುಟ್ಟಾ?"

"ಜೈಂಟ್ ವ್ಹೀಲಾ? ಇದೆ ಅಜ್ಜಿ. ಮೇಲೆ ಹೋದ್ರೆ ವಿಮಾನದ ಪೈಲೆಟ್ಟಿನ ಕೈ ಕುಲುಕಬಹುದು."

"ನಾನೂ ಒಂದ್ಸಲ ಹತ್ತಬೇಕು ಕಣೋ. ಎಲ್ಲಾ ಕಡೆನೂ ಕೆಳಗಿಂದಲೇ ನೋಡಿದ್ದಾಯ್ತು."

ಅಮ್ಮ ಮೊದಲು ಚೇತರಿಸ್ಕೊಂಡು, "ಅತ್ತೆ, ಸೀರೆ ಉಟ್ಟೋರನ್ನ ಅಲ್ಲಿ ಹತ್ತಿಸಲ್ಲ. ಸೆರಗು ಸಿಕ್ಕಿಹಾಕ್ಕೊಳ್ಳತ್ತೆ ಅಂತ ರೂಲ್ಸು" ಅಂದ್ರು. ಅಲ್ಲಿಗೆ ವಿಷಯ ಮುಗೀತು ಅಂದ್ಕೊಂಡೆ. ಎರಡು ದಿನ ಬಿಟ್ಟು ಅತ್ತೆ ಸೊಸೆ ಇಬ್ಬರೂ ಮೆಟ್ರೋ ಹತ್ತಿ ಸಂಪಿಗೆ ರಸ್ತೆಗೆ ಹೋಗಿ ಒಂದು ಕವರ್ ಹಿಡ್ಕೊಂಡು ಬಂದ್ರು. ಕವರಿನಲ್ಲಿ ಚೂಡಿದಾರ್! ತಿಳಿ ನೇರಳೆ ಬಣ್ಣ, ಕಾಲರ್ ಪಕ್ಕ ಸಣ್ಣ ಹೂವು. ಅಂಗಡಿಯೋನು "ಯಾರಿಗೆ ಅಮ್ಮಾ?" ಅಂತ ಕೇಳಿದ್ದಕ್ಕೆ ಅಜ್ಜಿ, "ನಮ್ಮ ಪರಿಚಯದೋರೊಬ್ಬರಿಗೆ, ಹೆಚ್ಚು ಕಮ್ಮಿ ನನ್ನ ಅಳತೆನೇ" ಅಂದ್ಳಂತೆ. ಹುಟ್ಟಿದಾಗಿಂದ ಸೀರೆ ಬಿಟ್ಟು ಬೇರೆ ಉಟ್ಟಿಲ್ಲ ನಮ್ಮಜ್ಜಿ. ಹುಟ್ಟಿದಾಗಿಂದ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಆದ್ರೂ ತೊಟ್ಟಿಲಲ್ಲೇ ನೆರಿಗೆ ಹಿಡೀತಿದ್ಳು ಅಂದ್ರೆ ನಾನು ನಂಬ್ತೀನಿ.

ಹೊರಡೋ ದಿನ ಶನಿವಾರ. ಒಂಬತ್ತಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಮನೆ ಬಿಡಬೇಕು ಅಂತ ಅಜ್ಜಿ ಹಿಂದಿನ ರಾತ್ರಿನೇ ಆರ್ಡರ್ ಹೊರಡಿಸಿದ್ಳು. ಧನುರ್ಮಾಸ ಬೇರೆ, ಸೂರ್ಯನಿಗಿಂತ ಮುಂಚೆ ಎದ್ದು ಹುಗ್ಗಿ ನೈವೇದ್ಯ ಮುಗಿಸಿ ರೆಡಿಯಾಗಿ ಕೂತಿದ್ಳು. ರೆಡಿಯಾಗದೇ ಇದ್ದಿದ್ದು ನಾವು. ಅಪ್ಪ ಪೂಜೆಗೆ ಕೂತ್ರೆ ಒಂದೊಂದು ದೇವರ ಫೋಟೋನೂ ಮೊದಲನೇ ಸಲ ಪರಿಚಯ ಆಗ್ತಿರೋರ ಥರ ವಿಚಾರಿಸ್ಕೋತಾರೆ. ನಾನು ಕನ್ನಡಿ ಮುಂದೆ ಕೂದಲಿಗೆ ಜೆಲ್ ಹಚ್ಚಿ, ಇಷ್ಟವಾಗದೆ ತೊಳೆದು, ಮತ್ತೆ ಹಚ್ಚಿ, ಕೊನೆಗೆ ಮುಳ್ಳುಹಂದಿ ಕೂಡ ನನ್ನ ನೋಡಿ ದಾರಿ ಬಿಡೋ ಹಾಗೆ ಆಗಿದ್ದೆ. ಒಂಬತ್ತಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಅಜ್ಜಿ ಗಡಿಯಾರ ನೋಡಿ, "ಇನ್ನು ಇವರು ಹೊರಟ ಹಾಗೇ. ಪುಟ್ಟಾ, ಪ್ರಸ್ಥಾನ ಇಟ್ಟುಬಿಡು, ಓಡು!" ಅಂದ್ಳು.

ಪ್ರಸ್ಥಾನ ಅಂದ್ರೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ಒಳ್ಳೇ ಟೈಮಲ್ಲಿ ನೀವು ಹೊರಡೋಕಾಗಲ್ಲ ಅಂದ್ರೆ, ನಿಮ್ಮ ಬದಲಿಗೆ ನಿಮ್ಮದೊಂದು ಬ್ಯಾಗನ್ನ ಹೊರಡಿಸಿ ಪಕ್ಕದ ಮನೇಲಿ ಇಡೋದು. ಬ್ಯಾಗು ಹೊರಟ್ರೆ ನೀವು ಹೊರಟ ಹಾಗೇ ಲೆಕ್ಕ. ಆಮೇಲೆ ಯಾವ ಕೆಟ್ಟ ಟೈಮಲ್ಲಾದ್ರೂ ಆರಾಮಾಗಿ ಹೋಗಿ, ದಾರೀಲಿ ಬ್ಯಾಗ್ ತಗೊಂಡು ಮುಂದಕ್ಕೆ ನಡೀಬಹುದು. ಸ್ಕೂಲಲ್ಲಿ ನಾವು ಪ್ರಾಕ್ಸಿ ಅಟೆಂಡೆನ್ಸ್ ಹಾಕಿಸಿದ್ರೆ ಪೇರೆಂಟ್ಸನ್ನ ಕರೆಸ್ತಾರೆ, ಗ್ರಹಗಳಿಗೆ ಹಾಕಿಸಿದ್ರೆ ಅದಕ್ಕೆ ಶಾಸ್ತ್ರ ಅಂತಾರೆ. ಅಜ್ಜಿ ಕೈಗೆ ಸಿಕ್ಕಿದ ಬ್ಯಾಗು ಅವಳದ್ದೇ, ಚೂಡಿದಾರ್ ಇದ್ದಿದ್ದು. ನಾನು ಅದನ್ನ ತಗೊಂಡು ಎದುರು ಮನೆ ಶಾರದಮ್ಮಾಂಟಿ ಬಾಗಿಲಿಗೆ ಓಡಿ, "ಆಂಟಿ, ಪ್ರಸ್ಥಾನ ಅಂತೆ" ಅಂತ ಅವರ ಕೈಗೆ ಕೊಟ್ಟು, ಅರ್ಧ ನಿಂತಿದ್ದ ಕೂದಲನ್ನ ಪೂರ್ತಿ ನಿಲ್ಲಿಸೋಕೆ ವಾಪಸ್ ಓಡಿಬಂದೆ.

ನಾವೆಲ್ಲ ಕಾರಿನಲ್ಲಿ ಕೂತು, ಬ್ಯಾಗ್ ಇಸ್ಕೊಂಡು ಬಾ ಅಂತ ನನ್ನ ಕಳಿಸಿದ್ರೆ, ಶಾರದಮ್ಮಾಂಟಿ ಮನೆ ಬೀಗ! ಅಷ್ಟು ದೊಡ್ಡ ಬೀಗ ನಾನು ಮ್ಯೂಸಿಯಮ್ಮಲ್ಲೂ ನೋಡಿಲ್ಲ. ಅಪ್ಪ ಫೋನ್ ಮಾಡಿದ್ರು. ಬಾಗಿಲ ಹಿಂದಿನಿಂದ ಸುಪ್ರಭಾತ ಕೇಳಿಸ್ತು. ಕಟ್ ಮಾಡಿದ್ರು, ಸುಪ್ರಭಾತ ನಿಂತ್ತು. ಮತ್ತೆ ಮಾಡಿದ್ರು, ದೇವರು ಮತ್ತೆ ಎದ್ದ. ಆಂಟಿ ಫೋನನ್ನ ಮನೇಲೇ ಬಿಟ್ಟು ಹೋಗಿದ್ರು. ಮಹಡಿ ಮನೆಯೋರು ಬಗ್ಗಿ ನೋಡಿ, "ತ್ಯಾಗರಾಜನಗರದಲ್ಲಿ ಅವರ ತಂಗಿ ಇದಾರಲ್ಲ, ಅವರಿಗೆ ಹುಗ್ಗಿ ಕೊಟ್ಟುಬರ್ತೀನಿ ಅಂತ ಹೋದ್ರು" ಅಂದ್ರು.

"ಅಮ್ಮಾ, ಬ್ಯಾಗ್ ಇರ್ಲಿ ಬಿಡು, ಹೊರಡೋಣ" ಅಂದ್ರು ಅಪ್ಪ.

"ಪ್ರಸ್ಥಾನ ಇಟ್ಟಿದ್ದನ್ನ ಬಿಟ್ಟು ಹೋಗ್ತಾರೇನೋ ಯಾರಾದ್ರೂ?" ಅಂದ್ಳು ಅಜ್ಜಿ. ಆಮೇಲೆ ಕಿಟಕಿ ಕಡೆ ತಿರುಗಿ, ಸಣ್ಣ ದನೀಲಿ, "ಅದೂ ಅಲ್ದೆ ಅದರಲ್ಲಿ ನನ್ನ ಬಟ್ಟೆ ಇದೆ" ಅಂದ್ಳು. ಅಪ್ಪ ಇಂಜಿನ್ ಆಫ್ ಮಾಡಿದ್ರು.

ತ್ಯಾಗರಾಜನಗರ ಇಲ್ಲಿಂದ ಸೀನಿದ್ರೆ ಕೇಳಿಸೋ ಅಷ್ಟು ದೂರ. ಅಷ್ಟಕ್ಕೆ ಶಾರದಮ್ಮಾಂಟಿ ತಗೊಂಡ ಟೈಮಲ್ಲಿ ಹೆಸರುಬೇಳೆ ಬಿತ್ತಿ, ಕಟಾವು ಮಾಡಿ, ಹುಗ್ಗಿ ಬೇಯಿಸಿ ಕೊಟ್ಟುಬರಬಹುದಿತ್ತು. ಕೊನೆಗೆ ಖಾಲಿ ಡಬ್ಬಿ ಅಲ್ಲಾಡಿಸ್ಕೊಂಡು ಬಂದು, ನಮ್ಮನ್ನ ಕಾರಿನಲ್ಲಿ ನೋಡಿ, "ಅಯ್ಯೋ, ಇವತ್ತೇ ಹೊರಡೋದಾ? ಪ್ರಸ್ಥಾನ ಅಂದ್ರೆ ಹಿಂದಿನ ದಿನ ಇಡೋದಲ್ವಾ, ನಾಳೆ ಹೊರಡ್ತೀರೇನೋ ಅಂದ್ಕೊಂಡೆ. ಈ ಹುಡುಗ ಏನೂ ಹೇಳ್ಲಿಲ್ಲ!" ಅಂದ್ರು. ಎಲ್ಲರೂ ನನ್ನ ನೋಡಿದ್ರು. ದಿನಪೂರ್ತಿ ವಟವಟ ಅನ್ನೋ ನಾನು, ಆಡಬೇಕಾಗಿದ್ದ ಎರಡು ಮಾತು ಆಡಿರಲಿಲ್ಲ. ಅಷ್ಟೊತ್ತಿಗೆ ರಾಹುಕಾಲಾನೂ ಮುಗಿದುಹೋಗಿತ್ತು. ಸುಮ್ನೆ ಮನೇಲಿ ಕಾಲು ಚಾಚ್ಕೊಂಡು ಕೂತಿದ್ರೂ ಇದಕ್ಕಿಂತ ಬೇಗ ಹೊರಡ್ತಿದ್ವಿ. ಇದನ್ನ ಅಪ್ಪ ಗೇರ್ ಹಾಕಿದ ಸೌಂಡೇ ಹೇಳ್ತು.

ಮೈಸೂರು ರೋಡಿನ ಟ್ರಾಫಿಕ್ ಬಗ್ಗೆ ಬರೆದ್ರೆ ಓದೋರೂ ಅದರಲ್ಲಿ ಸಿಕ್ಕಿಹಾಕ್ಕೋತೀರ, ಬೇಡ. ಪಾರ್ಕ್ ತಲುಪಿದಾಗ ಬೆಳಗ್ಗೆ ಬಂದೋರು ಎಲ್ಲಾ ಆಡಿ, ಒದ್ದೆಯಾಗಿ, ಒಣಗಿ, ಜಗಳಾನೂ ಆಡಿ ಮುಗಿಸಿದ್ರು. ಒಳಗೆ ಜನ ಎಷ್ಟಿದ್ರು ಅಂದ್ರೆ, ಅಲೆ ಬರೋ ಕೊಳದಲ್ಲಿ ಅಲೆಗೆ ಜಾಗ ಇರಲಿಲ್ಲ. ನೀರಾಟ, ರೋಲರ್ ಕೋಸ್ಟರ್ ಎಲ್ಲ ಬಿಟ್ಟು ನೇರವಾಗಿ ಚಕ್ರಕ್ಕೆ ಹೋಗೋಣ ಅಂತ ಅಪ್ಪಾನೇ ಅಂದ್ರು. ಅಜ್ಜಿ ಬ್ಯಾಗ್ ತಗೊಂಡು ಲೇಡೀಸ್ ರೂಮೊಳಗೆ ಹೋದ್ಳು. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಾಗಿಲ ಸಂದಿಯಿಂದ ಮೊದಲು ಒಂದು ಕಣ್ಣು ಬಂತು. "ವೀಣಾ, ನಮ್ಮೋರು ಯಾರಾದ್ರೂ ಇದಾರೇನೇ?"

"ಯಾರೂ ಇಲ್ಲ, ಬನ್ನಿ ಅತ್ತೆ" ಅಂದ್ರು ಅಮ್ಮ. ಬಾತುಕೋಳಿ ಸರ್ ಆಗತಾನೇ ಹಿಂದಿನಿಂದ ಹೋಗಿದ್ರು. ನಾನು ಹೇಳಲಿಲ್ಲ.

ಅಜ್ಜಿ ಹೊರಗೆ ಬಂದ್ಳು. ಇಲ್ಲೊಂದು ಜೋಕ್ ಮಾಡಬೇಕು ಅಂತ ದಾರಿಪೂರ್ತಿ ರೆಡಿ ಮಾಡ್ಕೊಂಡಿದ್ದೆ, ನೋಡಿದ್ರೆ ಆ ಜೋಕೇ ಮರೆತುಹೋಯ್ತು. ನೇರಳೆ ಚೂಡಿದಾರ್, ಅದೇ ಕುಂಕುಮ, ಅದೇ ಬಿಳೀ ಜಡೆ, ಕಾಲಿಗೆ ಅಮ್ಮನ ಬೂಟು. ಬಲಗೈ ಮಾತ್ರ ಇಲ್ಲದ ಸೆರಗನ್ನ ಎಳ್ಕೊಳ್ಳೋಕೆ ಆಗಾಗ ಭುಜಕ್ಕೆ ಹೋಗಿ, ಏನೂ ಸಿಗದೆ ವಾಪಸ್ ಬರ್ತಿತ್ತು. ಅಪ್ಪ ಒಂದು ಸಲ ನೋಡಿ, "ಚೆನ್ನಾಗಿದೆ ಅಮ್ಮಾ" ಅಂದು, ಬ್ಯಾಗುಗಳನ್ನೆಲ್ಲ ತಾವೇ ತಗೊಂಡು ಬೆಂಚಿನ ಮೇಲೆ ಕೂತ್ರು. ಅಜ್ಜಿ ಹೋಗ್ತಾ ಹೋಗ್ತಾ ತಿರುಗಿ, "ಯಾರನ್ನೂ ನಂಬಬೇಡ. ನಿದ್ದೆ ಮಾಡಬೇಡ" ಅಂತ ಚಾರ್ಜ್ ಒಪ್ಪಿಸಿದ್ಳು.

ಕ್ಯೂನಲ್ಲಿ ನಾನೂ ಅಜ್ಜಿನೂ. ಕಬ್ಬಿಣದ ಕಂಬಿಗಳ ಮಧ್ಯೆ ಹೋಗೋದು ಬರೋದು, ಹೋಗೋದು ಬರೋದು. ನಮ್ಮ ಮುಂದಿದ್ದ ಮಗುಗೆ ಹಲ್ಲು ಹುಟ್ಟೋಕೆ ಶುರುವಾಗಿದ್ದು ನಾವು ಮೊದಲನೇ ತಿರುವಿನಲ್ಲಿದ್ದಾಗ, ಕೊನೇ ತಿರುವಿಗೆ ಬರೋಷ್ಟರಲ್ಲಿ ಅದು ಚಕ್ಕುಲಿ ಕಡೀತಿತ್ತು. ಅಜ್ಜಿಗೆ ಕಾಲು ನೋವು ಶುರುವಾಗಿದ್ದು ನನಗೆ ಗೊತ್ತಾಗ್ತಿತ್ತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸ್ತಿದ್ಳು. ಕೇಳಿದ್ರೆ, "ತಿರುಪತಿನಲ್ಲಿ ನಿಂತಿಲ್ವೇನೋ? ಇಲ್ಲಿ ದೇವರೇ ಮೇಲಕ್ಕೆ ಕರ್ಕೊಂಡು ಹೋಗ್ತಾನೆ" ಅಂದ್ಳು. ಆಮೇಲೆ, "ಮೇಲಿಂದ ನಮ್ಮನೆ ಕಾಣತ್ತಾ?" ಅಂದ್ಳು.

"ಕಾಣತ್ತೆ ಅಜ್ಜಿ. ಶಾರದಮ್ಮಾಂಟಿ ಬೀಗಾನೂ ಕಾಣತ್ತೆ."

ಅಜ್ಜಿ ನಕ್ಕಳು. ಹಾಗೆ ನಗೋದನ್ನ ನಾನು ಮುಂಚೆ ನೋಡಿರಲಿಲ್ಲ. ಸೆರಗಿದ್ದಾಗ ಬಾಯಿಗೆ ಅಡ್ಡ ಹಿಡೀತಿದ್ಳು ಅಂತ ಕಾಣತ್ತೆ.

ನಾವು ಮುಂದೆ ಬಂದ್ವಿ. ಬಾಗಿಲಲ್ಲಿದ್ದೋರು ಮೇಲಿನ ಕಪ್ಪಾಗ್ತಿದ್ದ ಆಕಾಶ ನೋಡಿ, ನಮ್ಮ ಹಿಂದೆ ಸರಪಳಿ ಎಳೆದು ಹಾಕಿಬಿಟ್ರು. "ಇದು ಲಾಸ್ಟ್ ರೌಂಡು. ಒಂದೇ ಸೀಟಿದೆ, ಒಬ್ರು ಬನ್ನಿ."

"ಅಜ್ಜಿ, ಹತ್ತು" ಅಂದೆ.

"ಅಮ್ಮಾ, ವಯಸ್ಸಾದೋರು ಒಬ್ರೇ ಹತ್ತೋ ಹಾಗಿಲ್ಲ. ಜೊತೆಗೆ ಮನೆಯೋರು ಯಾರಾದ್ರೂ ಇರಬೇಕು."

"ಜೊತೆಗೆ ನಾನಿದೀನಲ್ಲ?"

"ಸೀಟು ಒಂದೇ ಅಲ್ವಾ ತಮ್ಮಾ."

ಸಾರ್ ಅಂದೆ, ಅಣ್ಣಾ ಅಂದೆ, ಬೆಳಗ್ಗಿಂದ ಆಗಿದ್ದೆಲ್ಲ ಹೇಳಿದೆ, ಹುಗ್ಗಿ ಸಮೇತ. ಅವರು ಪಾಪ ಕೇಳಿಸ್ಕೊಂಡ್ರು ಕೂಡ. ಚಕ್ರದ ತೊಟ್ಟಿಲೊಳಗೆ ಕೂತಿದ್ದೋರು ತಮ್ಮ ಮಗೂನ ತೊಡೆ ಮೇಲೆ ಹಾಕ್ಕೋತೀವಿ ಅಂದ್ರು. "ರೂಲ್ಸ್ ಇಲ್ಲ ಮೇಡಂ, ತಲೆ ಲೆಕ್ಕ" ಅಂದ್ರು ಬಾಗಿಲಿನೋರು. ಅಷ್ಟರಲ್ಲಿ ಬೆನ್ನ ಮೇಲೆ ಒಂದು ಕೈ ಬಂತು. ಅಜ್ಜಿದು. "ಇಷ್ಟು ಹೊತ್ತು ನಿಂತಿದೀವಿ, ಒಬ್ಬರಾದ್ರೂ ನೋಡ್ಬೇಕು. ಹೋಗೋ, ಜನರನ್ನ ಕಾಯಿಸಬೇಡ" ಅಂತ ನನ್ನ ಒಳಗೆ ದಬ್ಬೇಬಿಟ್ಳು. ಬಾಗಿಲು ಹಾಕಿದ್ರು. ನಾನು ಎದ್ದು ಇಳೀಬಹುದಿತ್ತು. ಇಳೀಬೇಕು ಅಂತ ಯೋಚನೆ ಬಂದಾಗ ನೆಲ ಆಗ್ಲೇ ಕೆಳಗೆ ಹೋಗ್ತಿತ್ತು.

ಮೇಲೆ ಹೋದ್ಮೇಲೆ ಚಕ್ರ ಸ್ವಲ್ಪ ಹೊತ್ತು ನಿಂತ್ತು. ಒಂದು ಕಡೆ ಬೆಟ್ಟಗಳ ಸಾಲು, ಅದರ ಹಿಂದೆ ಸೂರ್ಯ ಮುಳುಗಿ ಉಳಿದಿದ್ದ ಕೆಂಪು. ಇನ್ನೊಂದು ಕಡೆ ದೂರದಲ್ಲಿ ಬೆಂಗಳೂರಿನ ದೀಪಗಳು ಒಂದೊಂದೇ ಹತ್ತಿಕೊಳ್ತಿದ್ವು. ರೋಡಿನ ಉದ್ದಕ್ಕೂ ಕಾರುಗಳು ಹೂವಿನ ಸರದ ಥರ. ಮಧ್ಯಾಹ್ನ ನಾವು ಬೈಕೊಂಡು ಬಂದಿದ್ದು ಅದೇ ಟ್ರಾಫಿಕ್ಕಿಗೆ. ಕೆಳಗೆ ನೋಡಿದೆ. ಕಂಬಿ ಪಕ್ಕ ಒಂದು ನೇರಳೆ ಚುಕ್ಕಿ, ತಲೆ ಮೇಲೆತ್ತಿ ಕೈ ಬೀಸ್ತಿತ್ತು. ನನಗಲ್ಲ. ಎರಡು ತೊಟ್ಟಿಲು ಆಚೆ ಇದ್ದ ಯಾರೋ ಹುಡುಗನಿಗೆ. ದೂರದ್ದು ಅಜ್ಜಿಗೆ ಸರಿಯಾಗಿ ಕಾಣಲ್ಲ. ಆ ಹುಡುಗಾನೂ ಒಳ್ಳೆಯೋನು, ವಾಪಸ್ ಕೈ ಬೀಸಿದ. ನಾನೂ ಬೀಸಿದೆ.

ಇಳಿದು ಬಂದಾಗ ಅಜ್ಜಿ ಆಗ್ಲೇ ಬೆಂಚಿಗೆ ಹೋಗಿ ಬ್ಯಾಗುಗಳ ಮಧ್ಯೆ ಕೂತಿದ್ಳು, ಅಪ್ಪ ಪಕ್ಕದಲ್ಲೇ ಗೊರಕೆ ಹೊಡೀತಿದ್ರು. ಅಮ್ಮ ಜೋಳ ತರೋಕೆ ಹೋಗಿದ್ರು. ಅಜ್ಜಿ ಸರಿದು ಜಾಗ ಮಾಡಿಕೊಟ್ಟು, ಎರಡೂ ಕೈ ತೊಡೆ ಮೇಲಿಟ್ಕೊಂಡು ನನ್ನ ಕಡೆ ತಿರುಗಿದ್ಳು. "ಹ್ಞೂಂ, ಹೇಳು. ಹೇಗಿತ್ತು?"

ಚಕ್ರ ಇಳಿಯೋ ಅಷ್ಟು ಹೊತ್ತೂ ಇದಕ್ಕೇ ರೆಡಿಯಾಗಿದ್ದೆ. ಮುಖ ಸಪ್ಪಗೆ ಮಾಡ್ಕೊಂಡು, "ಏನಿಲ್ಲ ಅಜ್ಜಿ. ಸುಮ್ನೆ ಸುತ್ತತ್ತೆ, ಅಷ್ಟೇ" ಅಂದೆ.

ಅಜ್ಜಿ ನನ್ನ ಮುಖಾನೇ ನೋಡಿದ್ಳು. ಪಕ್ಕದ ಬೀದಿ ಇಡ್ಲಿ ಬಗ್ಗೆ ಅರ್ಧ ಗಂಟೆ ಭಾಷಣ ಮಾಡೋ ಮೊಮ್ಮಗ ಒಂದೇ ಉಸಿರಿಗೆ ಮುಗಿಸಿದ್ದ.

"ಅಷ್ಟೊಂದು ಚೆನ್ನಾಗಿತ್ತೇನೋ?" ಅಂದ್ಳು.

ನಾನು ಬಗ್ಗಿ ಶೂ ಲೇಸ್ ಕಟ್ಕೊಂಡೆ. ಆವತ್ತು ಹಾಕ್ಕೊಂಡಿದ್ದು ಚಪ್ಪಲಿ.