ಖಡುವಿನ ಮದುಮಗ ಮತ್ತು ಬಣ್ಣದ ಹಸಿ ಡಬ್ಬಿ

ನಾ ಏನರೆ ಒಂದು ಶಾಣ್ಯಾತನ ಮಾಡಲಿಕ್ಕೆ ಹೋದೆ ಅಂದ್ರ, ನಮ್ಮ ಮನೀ ಮಂದಿ ಅದನ್ನ ಎಡವಟ್ಟು ಮಾಡಿ ವಾಪಸ್ ನನ್ನ ಕೈಯಾಗ ಕೊಡೋದು ಇವತ್ತಿಂದಲ್ಲ. ಕುಂದಗೋಳದ ಹೈಸ್ಕೂಲಿನ್ಯಾಗ ನಾ ಡ್ರಾಯಿಂಗ್ ಮಾಸ್ತರ. ಬೋರ್ಡಿನ ಮ್ಯಾಲ ಬರಿಯೋ ಖಡು ತಂದು, ಸೂಜಿಲೆ ಕೆತ್ತಿ, ಹೆಬ್ಬೆಟ್ಟಿನಷ್ಟು ಗೊಂಬಿ ಮಾಡೋದು ನನ್ನ ಚಟ. "ಖಡು ಸವಸೋದು ಬಿಟ್ಟು ಏನರೆ ಉದ್ಯೋಗ ನೋಡು" ಅಂತ ಅಣ್ಣ ಇಪ್ಪತ್ತು ವರ್ಷದಿಂದ ಬೈಕೋತ ಬಂದಾನ.

ಅಂಥಾ ಅಣ್ಣನ ಮಗಳ ಮದುವಿ ಗೊತ್ತಾತು. ಹುಡುಗಿ ಬಂದು, "ಕಾಕಾ, ನನ್ನ ರುಖವತದಾಗ ನಿನ್ನ ಗೊಂಬೀನ ನಡುವ ಇರಬೇಕು ನೋಡು" ಅಂದ್ಲು. ರುಖವತ ಅಂದ್ರ ಹೆಣ್ಣಿನ ಕಡೆಯವರು ತಮ್ಮ ಕೈಕೆಲಸ ಎಲ್ಲಾ ಮದುವಿ ಹಾಲಿನ್ಯಾಗ ಮೇಜಿನ ಮ್ಯಾಲ ಹರವಿ ಇಡೋದು, ಗಂಡಿನ ಕಡೆಯ ಹೆಂಗಸರು ಅದರ ಮುಂದ ನಿಂತು ಹುಳುಕು ತಗಿಯೋದು. ನಾ ಉಬ್ಬಿ ಹೋದೆ. ಪೂರ್ತಿ ಮೆರವಣಿಗಿ ಕೆತ್ತಿದೆ: ಊದವರು, ಬಾರಸವರು, ಕುದುರಿ, ಕುದುರಿ ಮ್ಯಾಲ ಮದುಮಗ. ಇಷ್ಟು ವರ್ಷಕ್ಕ ನನ್ನ ಗೊಂಬಿನ್ನ ನಾಕು ಮಂದಿ ನೋಡೋ ಕಾಲ ಬಂದಿತ್ತು, ಅದೂ ಅಣ್ಣನ ಎದುರಿಗೆ. ಇದು ಕೆಟ್ಟರ ನನ್ನ ಮಾನಾನ ಹೋತು.

ತೊಡಕಾದದ್ದು ಬಣ್ಣದಾಗ. ಬ್ಯಾಸಗಿ, ಮ್ಯಾಲಿಂದ ಫ್ಯಾನಿನ ಗಾಳಿ. ಕುಂಚದಾಗ ಬಣ್ಣ ತಗೊಂಡು ಗೊಂಬಿ ಕಣ್ಣಿಗೆ ಮುಟ್ಟಸೋದ್ರೊಳಗ ಒಣಗಿಬಿಡ್ತಿತ್ತು. ಮೊಬೈಲಿನ್ಯಾಗ ಒಬ್ಬಾಂವ ಉಪಾಯ ತೋರಿಸಿದ: ಮುಚ್ಚಳ ಇದ್ದ ಅಗಲ ಡಬ್ಬಿ, ಒಳಗ ಒದ್ದಿ ಸ್ಪಂಜು, ಅದರ ಮ್ಯಾಲ ಬಟರ್ ಪೇಪರು, ಪೇಪರಿನ ಮ್ಯಾಲ ಬಣ್ಣ. ಕೆಳಗಿನ ಪಸಿಗೆ ಬಣ್ಣ ದಿನಗಟ್ಟಲೆ ಹಸೀನ ಇರ್ತದಂತ. ಎಲ್ಲಾ ಮನ್ಯಾಗಿನ ಸಾಮಾನಿನಿಂದ, ಪುಕ್ಕಟ ಅಂದ. ಹಂಗ ಅಂದವನ ಮನ್ಯಾಗ ಹೆಂಡತಿ ಇರಲಿಕ್ಕಿಲ್ಲ.

ಸ್ಪಂಜು

ಭಾಂಡಿ ತಿಕ್ಕೋ ಸ್ಪಂಜನ್ನ ಹೆಂಡತಿ ಕಣ್ಣು ತಪ್ಪಿಸಿ ಎತ್ತಿಕೊಂಡೆ. ಎರಡು ಸಲ ನೀರಾಗ ಹಿಂಡಿದೆ, ಸಾಕು ಅನಸ್ತು. ಕುದುರಿಗೆ ಬಿಳಿ ಬಣ್ಣ ಬಳದು, ಚಾ ಕುಡದು ಬಂದು ನೋಡ್ತೀನಿ, ಸ್ಪಂಜಿನ್ಯಾಗಿನ ಸಾಬಾನ ಬಣ್ಣದೊಳಗ ಕೂಡಿ ಕುದುರಿ ಮೈತುಂಬ ಗುಳ್ಳಿ ಎದ್ದಾವ.

ಹೆಂಡತಿ ಬಗ್ಗಿ ನೋಡಿ, "ಅಯ್ಯ, ಕುದುರಿ ಮೈಮ್ಯಾಲ ಅಮ್ಮ ಎದ್ದಾಳಲ್ರಿ! ಬೇವಿನ ತೊಪ್ಪಲಾ ತರ್ಲ್ಯಾ?" ಅಂತ ನಕ್ಕಳು. ಆಮ್ಯಾಲ ಅಕಿ ಕಣ್ಣು ಡಬ್ಬಿಯೊಳಗಿನ ಸ್ಪಂಜಿಗೆ ಬಿತ್ತು. ನಗೀ ಅಲ್ಲಿಗೇ ನಿಂತಿತು. ಆವತ್ತಿನ ಭಾಂಡಿ ಎಲ್ಲಾ ನಾನ ತಿಕ್ಕಿದೆ, ಬರೇ ಕೈಲೆ.

ಕಾಗದ

ಸ್ಪಂಜಿನ ಬದಲಿ ಹಳೇ ಧೋತರದ ತುಂಡು ನಾಕು ಮಡಿಕಿ ಮಾಡಿ ಹಾಸಿದೆ. ಇನ್ನ ಬಟರ್ ಪೇಪರು. ಬಸ್ ಸ್ಟ್ಯಾಂಡಿನ ಬಾಜೂಕಿನ ಬೇಕರಿಗೆ ಹೋದೆ.

"ಒಂದು ಬಟರ್ ಪೇಪರ್ ಕೊಡ್ರಿ."

"ಅದರಾಗ ಏನು ಕಟ್ಲಿರಿ ಸರ?"

"ಏನೂ ಬ್ಯಾಡ್ರಿ. ಬರೇ ಕಾಗದ."

ಬೇಕರಿಯಾಂವ ಬಗ್ಗಿ ಮೆಲ್ಲಕ ಕೇಳಿದ, "ಸಕ್ಕರಿ ಬ್ಯಾನಿ ಏನ್ರಿ?" ಸುತ್ತ ಇದ್ದ ಮಂದಿ ಕನಿಕರದಿಂದ ನನ್ನ ನೋಡಿದ್ರು. ಒಬ್ಬಾಂವಂತೂ ತನ್ನ ಕೈಯಾಗಿನ ಕ್ರೀಮ್ ಬನ್ನು ಬೆನ್ನ ಹಿಂದ ಮುಚ್ಚಿಟ್ಟುಕೊಂಡ. ಅಲ್ಲೋ ಮಾರಾಯಾ, ಬಣ್ಣ ಹಾಕಲಿಕ್ಕೆ ಬೇಕು ಅಂದೆ. ಅದು ಇನ್ನೂ ಕೆಟ್ಟ ಆತು.

"ಬಣ್ಣ ಅಂದ್ರ ಕೇಕಿಗೇನ್ರಿ? ಮಾಸ್ತರಕಿ ಬಿಟ್ಟು ಬೇಕರಿ ತಗೀಲಿಕ್ಕೆ ಹೊಂಟೀರೇನು?" ಅಂತ ಅವಗ ಸಂಶೆ ಬಂತು. ಹೊಸಾ ಕಾಗದ ಕೊಡಲೇ ಇಲ್ಲ. ಬನ್ನಿನ ತಳಕ ಹಾಸಿದ್ದ ಒಂದು ಕಾಗದ ಝಾಡಿಸಿ ಕೊಟ್ಟ. ಆ ಎಣ್ಣಿ ಕಾಗದದ ಮ್ಯಾಲ ಬಣ್ಣ ನಿಲ್ಲಲಿಲ್ಲ, ಬದಲಿಗೆ ಇರಿವಿ ಬಂದು ನಿಂತ್ವು. ಸಂಜೀಕ ನೋಡಿದರ ನನ್ನ ಮೆರವಣಿಗಿಗಿಂತ ಇರಿವಿ ಮೆರವಣಿಗೀನ ಉದ್ದ ಇತ್ತು.

ಮೊಳಕಿ

ಹುಬ್ಬಳ್ಳಿಯಿಂದ ಹೊಸಾ ಕಾಗದ ತರಿಸಿದ ಮ್ಯಾಲ ಡಬ್ಬಿ ಛಂದ ಕೆಲಸಾ ಮಾಡಿತು. ತಂಪಿರಲಿ ಅಂತ ಅಡಗಿ ಮನ್ಯಾಗ ನೀರಿನ ಹರವಿ ಬಾಜೂಕ ಇಟ್ಟೆ. ಆದ್ರ ಎರಡನೇ ದಿನಕ್ಕ ಬಣ್ಣ ನೀರ ನೀರ. ನಾನ ನೀರು ಹೆಚ್ಚು ಮಾಡಿರಬೇಕು ಅಂತ ಧೋತರದ ಅರಬಿ ಹಿಂಡಿ ಇಟ್ಟೆ. ಮರುದಿನ ಡಬ್ಬಿಯೊಳಗ ಮತ್ತ ಕೆರಿ. ಆ ನೀರ ಬಣ್ಣ ಹಚ್ಚಿದ್ದಕ್ಕ ಊದವನ ಕೆಂಪು ಪಟಗಾ ಇಳದು ಅವನ ಗಡ್ಡಕ್ಕ ಬಂದಿತ್ತು.

ನಾಕನೇ ದಿನ ಮುಂಜಾನೆ ನಮ್ಮವ್ವ ಚಂಬು ಸಮೇತ ಸಿಕ್ಕಳು. ಮುಚ್ಚಿದ ಡಬ್ಬಿ, ಒಳಗ ಒದ್ದಿ ಅರಬಿ. ಅಕಿ ಪ್ರಕಾರ ಅದು ಮಡಕಿಕಾಳು ಮೊಳಕಿಗೆ ಇಟ್ಟದ್ದು. ಸೊಸಿ ಮರತಾಳ ಅಂತ ದಿನಾ ಮುಂಜಾನೆ ಎದ್ದು ಬದೀಲೆ ನೀರು ಬಿಡ್ತಿದ್ಲಂತ. ಕಣ್ಣು ಬ್ಯಾರೆ ಮಂಜು.

"ಅವ್ವಾ, ಇವು ಕಾಳಲ್ಲ, ನನ್ನ ಬಣ್ಣ!" ಅಂತ ಮುಚ್ಚಳ ತಗದು ಮಾರಿ ಮುಂದ ಹಿಡದೆ.

ಅವ್ವ ಕಣ್ಣು ಕಿರಿದು ಮಾಡಿ ನೋಡಿ, ಮೂಸಿ, ಚಂಬು ಕೆಳಗಿಟ್ಟಳು. "ಹಸರೂ ಆಗ್ಯಾವ, ಕೆಂಪೂ ಆಗ್ಯಾವ. ಕಾಳು ಪೂರಾ ಕೆಟ್ಟಾವ ತಗಿ. ಇದರ ಉಸಳಿ ಮಾಡಿದರ ನಾ ಉಣ್ಣೂದಿಲ್ಲ, ಈಗ ಹೇಳೀನಿ."

ಗಂಧ

ಮದುವಿ ಹಿಂದಿನ ದಿನಕ್ಕ ಎಲ್ಲಾ ಗೊಂಬಿ ಮುಗದು, ಮದುಮಗನ ಮಾರಿ ಒಂದು ಉಳದಿತ್ತು. ಗೊಂಬಿ, ಡಬ್ಬಿ ಎಲ್ಲಾ ತಗೊಂಡು ಅಣ್ಣನ ಮನೀಗೆ ಹೋಗಿ ಕೂತೆ. ಹುಡುಗನ ಫೋಟೋ ಮುಂದ ಇಟ್ಟುಕೊಂಡು ಎರಡು ತಾಸು ಬಣ್ಣ ಕೂಡಿಸಿದೆ. ಕಂದು ಹೆಚ್ಚಾತು ಅಂತ ಬಿಳಿ, ಬಿಳಿ ಹೆಚ್ಚಾತು ಅಂತ ಹಳದಿ, ಹಿಂಗ ಕೂಡಸ್ತ ಕೂಡಸ್ತ ಡಬ್ಬಿ ತುಂಬ ಆತು. ಆದ್ರ ಕಡೀಕ ಅಗದಿ ಅವನ ಬಣ್ಣಾನ ಬಂತು. ಡಬ್ಬಿ ಮುಚ್ಚಿ ಅಣ್ಣನ ಮನೀ ಪಡಸಾಲಿ ಮೇಜಿನ ಮ್ಯಾಲ ಇಟ್ಟು ಊಟಕ್ಕ ಎದ್ದೆ.

ಅದೇ ಮೇಜಿನ ಮ್ಯಾಲ ಅಣ್ಣನ ಹೆಂಡತಿ, ನಮ್ಮ ವೈನಿ, ಗಂಡಿನ ಮನೀಗೆ ಕಳಸೋ ಅರಿಷಿಣ, ಕುಂಕುಮ, ಗಂಧದ ಡಬ್ಬಿ ಸಾಲಾಗಿ ಇಟ್ಟಿದ್ರು. ಅಣ್ಣ ಗಡಿಬಿಡಿಲೆ ಬಂದ, ಕೈಗೆ ಸಿಕ್ಕ ಡಬ್ಬಿ ಎಲ್ಲಾ ಚೀಲಕ್ಕ ತುರುಕಿದ, ಗಾಡಿ ಹತ್ತಿ ಗಂಡಿನ ಊರು ಅಣ್ಣಿಗೇರಿಗೆ ನಡದಬಿಟ್ಟ. ನಾ ಕೈ ತೊಳಕೊಂಡು ಬಂದು ನೋಡಿದರ ಗಂಧದ ಡಬ್ಬಿ ಅಲ್ಲೇ ಅದ, ನನ್ನ ಡಬ್ಬಿ ಇಲ್ಲ. ಫೋನ್ ಹಚ್ಚಿದರ ಅಣ್ಣ ಎತ್ತವಲ್ಲ. ಮದುಮಗನ ಗೊಂಬಿನ್ನ ಹತ್ತಿಯೊಳಗ ಸುತ್ತಿ ಕಿಸೇದಾಗ ಇಟ್ಟುಕೊಂಡು ಮೋಟಾರ್‌ಸೈಕಲ್ ಹತ್ತಿದೆ. ಆ ಬಣ್ಣ ಒಮ್ಮೆ ಒಣಗಿದರ ನೀರಿಗೆ ಹೋಗೂದಿಲ್ಲ. ದಾರಿತುಂಬ ಹಾರ್ನ್ ಹೊಡಕೋತ ಓಡಿಸಿದೆ.

ಹೋಗಿ ನೋಡ್ತೀನಿ, ಅಂಗಳದಾಗ ಮಣಿ ಮ್ಯಾಲ ಮದುಮಗ ಕೂತಾನ. ಸುತ್ತ ಐದು ಮಂದಿ ಮುತ್ತೈದ್ಯಾರು. ನಡುವ ನನ್ನ ಡಬ್ಬಿ ಬಾಯಿ ತಕ್ಕೊಂಡು ಕೂತದ. ಅಣ್ಣ ಚೀಲ ಕೊಟ್ಟು ಆಗಲೇ ವಾಪಸ್ ಹೋಗ್ಯಾನ.

"ಬರ್ರಿ ಬರ್ರಿ!" ಅಂದ್ರು ಹುಡುಗನ ತಾಯಿ. "ನಿಮ್ಮ ಮಂದಿ ಭಾಳ ಅಚ್ಚುಕಟ್ಟ ನೋಡ್ರಿ. ಗಂಧ ಒಣಗಬಾರದಂತ ಒದ್ದಿ ಅರಬಿ ಹಾಸಿ ಕಳಸೀರಿ! ಅದಕ್ಕ ಅರಿಷಿಣಕಿಂತ ಮೊದಲ ಅದನ್ನ ಹಚ್ಚಿದ್ವಿ."

ನಾ ಬಾಯಿ ತಗಿಯೋದ್ರೊಳಗ ಅವರು ದನಿ ಸಣ್ಣ ಮಾಡಿದ್ರು. "ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಗಂಧ ಅಗದಿ ಕಳಪಿ ಅದರಿ. ಐದೂ ಮಂದಿ ಎರಡೆರಡು ಸಲ ಬಳದ್ವಿ, ಹುಡುಗನ ಮಾರಿ ಮ್ಯಾಲ ಏನಂದ್ರ ಏನೂ ಕಾಣವಲ್ದು!"

ನೋಡಿದೆ. ಖರೇನ. ಹುಡುಗನ ಮಾರಿ ಎಲ್ಲಿ ಮುಗೀತದ, ನನ್ನ ಬಣ್ಣ ಎಲ್ಲಿ ಸುರು ಆಗ್ತದ, ನನಗ ತಿಳೀಲಿಲ್ಲ. ಅಂಜಿಕಿ ಎಲ್ಲಾ ಇಳದು ಹೆಮ್ಮಿ ಏರಿತು. "ಹೌದ್ರಿ, ಈ ಸಲ ಗಂಧ ಸರಿ ಬಂದಿಲ್ಲ" ಅಂತ ನಿರ್ಲಜ್ಜ ಸುಳ್ಳು ಹೇಳಿ ಡಬ್ಬಿ ಎತ್ತಿಕೊಂಡೆ. ಕಾಗದದ ಮೂಲ್ಯಾಗ ಸಾಸಿವಿಯಷ್ಟು ಬಣ್ಣ ಉಳದಿತ್ತು. ಅಲ್ಲೇ ಕಟ್ಟಿ ಮ್ಯಾಲ ಕೂತು ಗೊಂಬಿ ಮಾರಿಗೆ ಹಚ್ಚಿ ಮುಗಿಸಿದೆ. ಕೊಬ್ಬರಿ ಎಣ್ಣಿಲೆ ಗಸಗಸ ತಿಕ್ಕಿ ತೊಳಕೊ ಅಂತ ಹುಡುಗನ ಕಿವಿಯಾಗ ಹೇಳಿದೆ. ಅಂವ ಬೀಗರ ಮಾತಿಗೆ ಮರ್ಯಾದಿ ಅಂತ ಬರೇ ತಲಿ ಅಲ್ಲಾಡಿಸಿದ, ಅಷ್ಟ.

ಮರುದಿನ ರುಖವತದ ಮುಂದ ಗಂಡಿನ ಕಡೆಯ ಹೆಂಗಸರು ಸಾಲುಗಟ್ಟಿ ನಿಂತ್ರು. ಒಂದೂ ಹುಳುಕು ಸಿಗಲಿಲ್ಲ. ಹುಡುಗನ ತಾಯಿ ಗೊಂಬಿ ನೋಡಿದ್ರು, ಮಂಟಪದಾಗಿನ ಮಗನ್ನ ನೋಡಿದ್ರು. "ಬಣ್ಣ ಅಗದಿ ನಮ್ಮ ಹುಡುಗಂದ ನೋಡ್ರಿ! ಯಾರ ಕೈ ಇದು?" ಅಂದ್ರು.

"ನನ್ನ ತಮ್ಮಂದ್ರಿ" ಅಂತ ಅಣ್ಣ ಎದಿ ಉಬ್ಬಿಸಿದ. ಇಪ್ಪತ್ತು ವರ್ಷದಾಗ ಮೊದಲನೇ ಸಲ. ನನಗ ಕಣ್ಣಾಗ ನೀರು ಬಂದ್ವು.

ಅಷ್ಟರಾಗ ಹೆಂಡತಿ ನನ್ನ ಅಂಗಿ ಜಗ್ಗಿ ಕಿವಿಯಾಗ ಅಂದ್ಲು, "ಅಳೋದು ಆಮ್ಯಾಲ ಅಳ್ರಿ. ಮೊದಲ ಹೋಗಿ ಆ ಹುಡುಗಗ ನಗಬ್ಯಾಡ ಅಂತ ಹೇಳ್ರಿ. ಗೊಂಬಿ ಮಾರಿ ನೆಟ್ಟಗ ಅದ, ಅವನ ಗಲ್ಲ ಸುಲೀಲಿಕ್ಕೆ ಹತ್ತದ."