ಕಾಕ್‌ಪಿಟ್ಟಿಗೆ ಸಿಕ್ಕಿದ ಮೊಣಕಾಲು

‘ಗೋಡೆಗೊಂದು ಮೊಳೆ ಹೊಡೆಯಲೂ ಬಾರದ ಅಳಿಯ’ ಎಂದು ಮಾವನವರು ನಾಲ್ಕು ಜನರೆದುರು ಅಂದ ದಿನವೇ ಶಪಥ ಮಾಡಿದೆ: ವಿಮಾನವನ್ನೇ ಕಟ್ಟಿ ತೋರಿಸುತ್ತೇನೆ! ಮೂರು ವರ್ಷ ಕಾರಿನ ಶೆಡ್ಡಿನಲ್ಲಿ ತಪಸ್ಸು ನಡೆಯಿತು. ನನ್ನ ಕಾರು ಬೀದಿಗೆ ಬಿತ್ತು. ಕಾಕ್‌ಪಿಟ್ಟು ಒಂದು ಹಂತಕ್ಕೆ ಬಂದಾಗ, ಅದನ್ನು ನೋಡಿ ಒಪ್ಪಿಗೆ ಕೊಡಲು ತಪಾಸಣೆ ಅಧಿಕಾರಿ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಬರುತ್ತೇನೆಂದರು.

ಅಂದು ಬೆಳಿಗ್ಗೆ ಒಂಬತ್ತಕ್ಕೆ ಸೀಟಿನಲ್ಲಿ ಕುಳಿತು, ಮೀಟರುಗಳ ಪ್ಯಾನೆಲನ್ನು ಎದುರಿಗೆ ಹಿಡಿದು ಬೋಲ್ಟುಗಳನ್ನು ತೂರಿಸಿದೆ. ಹೆಂಡತಿ ವಿಮಾನದ ಮೂತಿಯ ಕಡೆಯಿಂದ ಕೈಹಾಕಿ ಎಂಟು ನಟ್ಟುಗಳನ್ನು ಬಿಗಿದಳು. ಭೇಷ್ ಎನ್ನುತ್ತಾ ಏಳಹೋದೆ. ಏಳಲಾಗಲಿಲ್ಲ. ಮೊಣಕಾಲೆರಡೂ ಪ್ಯಾನೆಲಿನ ಕೆಳಗೆ ಸಿಕ್ಕಿಕೊಂಡಿದ್ದವು. ಅಳತೆ ತೆಗೆದಾಗ ಸೀಟಿಗೆ ಮೆತ್ತೆ ಇರಲಿಲ್ಲ. ಈಗ ನಾಲ್ಕಂಗುಲದ್ದು ಇತ್ತು.

“ಮೆತ್ತೆ ಎಳ್ಕೊಳ್ಳಿ,” ಅಂದಳು.

“ಅದರ ಮೇಲೆ ನಾನೇ ಕೂತಿದ್ದೀನಲ್ಲೇ.”

“ಹಾಗಾದ್ರೆ ಎದ್ದು ಎಳ್ಕೊಳ್ಳಿ.”

ಒಂದು ಕ್ಷಣ ನನಗೂ ಅದು ಸರಿಯೆನಿಸಿತು. ತಲೆ ಅಷ್ಟು ಕೆಟ್ಟಿತ್ತು.

“ನಟ್ಟು ಬಿಚ್ಚು. ಮೊದಲು ಬಲಗಡೇದು.”

“ನಿಮ್ಮ ಬಲಾನೋ, ನನ್ನ ಬಲಾನೋ?”

“ವಿಮಾನದ ಬಲ.”

“ಅದಕ್ಕಿನ್ನೂ ರೆಕ್ಕೇನೇ ಇಲ್ಲ, ಬಲ ಎಲ್ಲಿಂದ ಬರ್ಬೇಕು?”

ನನ್ನ ಕಡೆಯಿಂದ ಲೆಕ್ಕ ಹಾಕಿ ‘ಬಲಕ್ಕೆ ತಿರುಗಿಸು’ ಎಂದೆ. ಎದುರು ನಿಂತಿದ್ದ ಅವಳು ತನ್ನ ಬಲಕ್ಕೆ ತಿರುಗಿಸಿದಳು. ನಟ್ಟು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಯಿತು. ಒಂದಲ್ಲ, ಎಂಟೂ. ಯಾರ ಬಲ ಯಾರಿಗೆ ಎಡ ಎಂದು ಇಬ್ಬರೂ ಕೈ ಎತ್ತಿ ತೋರಿಸಿಕೊಳ್ಳುವಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು.

“ಇಳೀರಿ, ಒಳಗೆ ನೋಡ್ಬೇಕು,” ಅಂದರು.

“ಕೂತ್ಕೊಂಡೇ ವಿವರಿಸ್ತೀನಿ ಸಾರ್. ಇಲ್ಲಿಂದ ಚೆನ್ನಾಗಿ ಕಾಣುತ್ತೆ,” ಎಂದು ಹಲ್ಲುಕಿರಿದೆ.

“ಸರಿ. ಏನಾದ್ರೂ ಅಪಾಯ ಆದ್ರೆ ಎಷ್ಟು ಸೆಕೆಂಡಲ್ಲಿ ಹೊರಗೆ ಬರ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: “ಒಂಬತ್ತಕ್ಕೆ ಹತ್ತಿದ್ದಾರೆ ಸಾರ್. ನೀವೇ ಎಣಿಸ್ಕೊಳ್ಳಿ.”

ಆಮೇಲೆ ಅವಳು ನನ್ನ ಮಾತು ಕೇಳುವುದನ್ನೇ ಬಿಟ್ಟಳು. ಹತ್ತು ನಿಮಿಷದಲ್ಲಿ ಎಂಟು ನಟ್ಟೂ ಕಳಚಿದವು. ಅಧಿಕಾರಿ ಪ್ಯಾನೆಲು ಹಿಡಿದುಕೊಂಡರು. ನಾನು ತೆವಳುತ್ತಾ ನೆಲಕ್ಕಿಳಿದೆ.

ವಿಮಾನ ನಪಾಸಾಯಿತು. ಅಧಿಕಾರಿ ತುಂಬಿಸಿ ಕೊಟ್ಟುಹೋದ ಫಾರಮ್ಮಿನಲ್ಲಿ ‘ತುರ್ತಾಗಿ ಹೊರಬರಲು ಇರುವ ವ್ಯವಸ್ಥೆ’ ಎಂಬ ಪ್ರಶ್ನೆಯ ಮುಂದೆ ದುಂಡಗಿನ ಅಕ್ಷರದಲ್ಲಿ ಒಂದೇ ಪದವಿತ್ತು:

ಹೆಂಡತಿ.